ಹುರಿದ ಅಕ್ಕಿಯ ಡಬ್ಬಿ ಮತ್ತು ಹತ್ತು ಮೆಗಾಪಿಕ್ಸೆಲ್

೫ ಮಾರ್ಚ್ ೨೦೦೭, ಸೋಮವಾರ

ಕುಮಟೆಯ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ ಇವತ್ತಿನ ತಾರೀಕನ್ನು ಕೆಂಪು ಶಾಯಿಯಲ್ಲಿ ಬರೆಯತಕ್ಕದ್ದು. ಇಂದು ಬೆಳಿಗ್ಗೆ ಹತ್ತೂಕಾಲಿಗೆ, ಛಾಯಾದೀಪ ಸ್ಟುಡಿಯೋದ ಮಾಲೀಕನೂ ನಲವತ್ತೇಳರ ಪ್ರಾಯದವನೂ ಆದ ನಿತ್ಯಾನಂದನೆಂಬ ನಾನು, ಹೊಸ ಕ್ಯಾಮರಾ ಕೊಳ್ಳುವ ವಿಷಯದಲ್ಲಿ ಒಂದು ನಿರ್ಧಾರಕ್ಕೆ ಬಂದೆ. ಕೊಳ್ಳುವುದೆಂದಲ್ಲ. ಕೊಳ್ಳುವ ಬಗ್ಗೆ ವಿಚಾರ ಮಾಡುವುದೆಂದು. ಇಂಥ ವಿಚಾರಕ್ಕೆ ದಾಖಲೆ ಬೇಕು. ಅದಕ್ಕೇ ಈ ದಿನಚರಿ. ಪುಸ್ತಕ ಮೂರು ವರ್ಷದ ಹಿಂದೆ ಫಿಲ್ಮ್ ಮಾರುವವರು ಪುಕ್ಕಟೆ ಕೊಟ್ಟದ್ದು. ಫಿಲ್ಮ್ ಹೋಯಿತು, ಪುಸ್ತಕ ಖಾಲಿ ಉಳಿಯಿತು. ಇದು ಖಾಸಗಿ ಬರಹ. ಬೇರೆ ಯಾರೂ ಓದಕೂಡದು.

ವಿಚಾರಕ್ಕೆ ಕಾರಣ, ಎದುರಿನವನು ಹಾಕಿದ ಬೋರ್ಡು. ‘ಈಗ ೧೦ ಮೆಗಾಪಿಕ್ಸೆಲ್‌ನಲ್ಲಿ!’ ಆ ಉದ್ಗಾರ ಚಿಹ್ನೆ ನನ್ನ ಬಾಗಿಲಿನ ಕಡೆಗೇ ಬಾಗಿದೆ. ನನ್ನದು ಆರು.

ಎದುರಿನವನು ಅಂದರೆ ರಸ್ತೆಯ ಆಚೆಯ ನ್ಯೂ ಛಾಯಾದೀಪ ಡಿಜಿಟಲ್‌ನವನು. ದಾಖಲೆಗಾಗಿ ಒಮ್ಮೆ ಮಾತ್ರ ಬರೆಯುತ್ತೇನೆ: ಅವನು ನನ್ನ ಒಡಹುಟ್ಟಿದ ತಮ್ಮ, ಹೆಸರು ಭಾಸ್ಕರ. ಎರಡು ವರ್ಷದಿಂದ ಮಾತಿಲ್ಲ.

ಮೊನ್ನೆ ಪಾಸ್‌ಪೋರ್ಟ್ ಫೋಟೋಕ್ಕೆ ಬಂದ ಗಿರಾಕಿಯೊಬ್ಬ ಬಾಗಿಲಲ್ಲೇ ನಿಂತು, “ನಿಮ್ದು ಎಷ್ಟ್ರಾ?” ಎಂದ. ದರ ಕೇಳಿದನೆಂದು “ನಲವತ್ತು” ಎಂದೆ. “ಅಬ್ಬಬ್ಬ! ಎದುರಿಗೆ ಬರೀ ಹತ್ತು!” ಎಂದು ಒಳಗೆ ಬಂದು ಕೂತ. ನಾನು ತಿದ್ದಲಿಲ್ಲ. ಆದರೆ ವ್ಯಾಪಾರವನ್ನು ಎಷ್ಟು ದಿನ ಹೀಗೆ ನಡೆಸಲಾದೀತು?

೭ ಮಾರ್ಚ್, ಬುಧವಾರ

ಜಗಳದ ಮೂಲವನ್ನೂ ಬರೆದಿಡುವುದು ಒಳ್ಳೆಯದು, ಈಚೆಗೆ ಮರೆತುಹೋಗುತ್ತಿದೆ.

ಅಪ್ಪ ತೀರಿಕೊಂಡ ಮೇಲೆ, ಅವರು ಮೂವತ್ತು ವರ್ಷ ಫೋಟೋ ತೊಳೆದ ಕತ್ತಲೆ ಕೋಣೆಯನ್ನು ಒಡೆದು ಕಂಪ್ಯೂಟರ್ ಇಡೋಣವೆಂದು ಎದುರಿನವನು ಹೇಳಿದ. ಒಂದು ಕಲ್ಲು ತೆಗೆದರೆ ನೋಡು ಎಂದು ನಾನು ಹೇಳಿದೆ. ಗಿರಾಕಿಗಳು ಕೂತಿದ್ದಾಗಲೇ ಅವನು, “ಅಣ್ಣಾ, ನೀ ಮೊದ್ಲು ಆ ಕತ್ಲೆಯಿಂದ ಹೊರಗೆ ಬಾ” ಎಂದುಬಿಟ್ಟ. ಹಿಸ್ಸೆಯಾಯಿತು. ಎಂಟು ತಿಂಗಳ ನಂತರ ನಾನೇ ಆ ಕೋಣೆ ಒಡೆದು ಕಂಪ್ಯೂಟರ್ ಇಟ್ಟೆ. ಹೀಗೆ ಜಗಳದ ಕಾರಣ ತೀರಿತು. ಆದರೆ ಇಷ್ಟು ಚೆನ್ನಾಗಿ ನಡೆದುಕೊಂಡು ಬಂದ ಜಗಳವನ್ನು, ಕಾರಣವಿಲ್ಲವೆಂಬ ಒಂದೇ ಕಾರಣಕ್ಕೆ ನಿಲ್ಲಿಸಲಾಗುತ್ತದೆಯೆ?

ಹಿಸ್ಸೆಯಲ್ಲಿ ಅಪ್ಪನ ಮೂರು ಕಾಲಿನ ಸ್ಟ್ಯಾಂಡು ಅವನಿಗೆ ಹೋಯಿತು, ಅಪ್ಪನ ಲೆನ್ಸು ನನಗೆ ಬಂತು. ಲೆನ್ಸು ಮೂವತ್ತೈದು ವರ್ಷ ಹಳೆಯದು. ಝೂಮ್ ಇಲ್ಲ. ಫೋಕಸ್ ಕೈಯಲ್ಲಿ ತಿರುಗಿಸಬೇಕು. ಬೆಳಕಿನ ಅಳತೆಯನ್ನು ಕ್ಯಾಮರಾಕ್ಕೆ ಹೇಳುವುದಿಲ್ಲ, ಕಣ್ಣಂದಾಜಿನಲ್ಲೇ ಹಿಡಿಯಬೇಕು. ಆದರೆ ಬಾಯಿ ದೊಡ್ಡದು, ಇದ್ದಬದ್ದ ಬೆಳಕನ್ನೆಲ್ಲ ಕುಡಿಯುತ್ತದೆ. ನನ್ನ ಕ್ಯಾಮರಾಕ್ಕೂ ಕೂರುತ್ತದೆ, ಎದುರಿನವನದಕ್ಕೂ ಕೂರುತ್ತದೆ. ಇಬ್ಬರೂ ಒಂದೇ ಕಂಪನಿಯದು ಕೊಂಡದ್ದು ಕೇವಲ ಆಕಸ್ಮಿಕ.

ಕಡಲ ಗಾಳಿಗೆ ಗಾಜಿನಲ್ಲಿ ಫಂಗಸ್ ಹಿಡಿಯದಂತೆ ಅಪ್ಪ ಲೆನ್ಸನ್ನು ಹುರಿದ ಅಕ್ಕಿ ತುಂಬಿದ ಡಬ್ಬಿಯಲ್ಲಿ ಹೂತಿಡುತ್ತಿದ್ದರು. ಈಗಲೂ ಅದು ನಮ್ಮ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಡಬ್ಬಿಯ ಪಕ್ಕದಲ್ಲಿದೆ. ನನ್ನ ಹೆಂಡತಿ ವನಮಾಲಾ ತಿಂಗಳಿಗೊಮ್ಮೆ ಅಕ್ಕಿ ಬದಲಿಸುತ್ತಾಳೆ. ಲೆನ್ಸಿನ ಮೇಲೆ ನನಗಿಂತ ಹೆಚ್ಚು ಹಕ್ಕು ಅವಳಿಗಿದೆ ಎಂಬಂತೆ ನಡೆದುಕೊಳ್ಳುತ್ತಾಳೆ.

೧೨ ಮಾರ್ಚ್, ಸೋಮವಾರ

ಹುಬ್ಬಳ್ಳಿಯಿಂದ ತರಿಸಿದ ಇಂಗ್ಲಿಷ್ ಪತ್ರಿಕೆಯನ್ನು ಐದು ದಿನ ಓದಿ ವಿಷಯದ ತಳ ಮುಟ್ಟಿದ್ದೇನೆ.

ಕ್ಯಾಮರಾದೊಳಗೆ ಬೆಳಕು ಹಿಡಿಯುವ ಸೆನ್ಸರ್ ಅಂದರೆ ಕುಮಟಾ–ಹೊನ್ನಾವರ ಟೆಂಪೋ, ಮೆಗಾಪಿಕ್ಸೆಲ್ ಅಂದರೆ ಅದರ ಪ್ರಯಾಣಿಕರು. ಟೆಂಪೋದ ಅಳತೆ ಬದಲಾಗುವುದಿಲ್ಲ. ಆರು ಜನ ಕೂತರೆ ಎಲ್ಲರಿಗೂ ಕಿಟಕಿಯ ಗಾಳಿ ಸಿಗುತ್ತದೆ. ಅದೇ ಟೆಂಪೋದಲ್ಲಿ ಹತ್ತು ಜನ ತುರುಕಿದರೆ ಸಾಗಾಟವೇನೋ ಹೆಚ್ಚಾಯಿತು, ಆದರೆ ಒಬ್ಬೊಬ್ಬರಿಗೆ ಸಿಗುವ ಗಾಳಿ ಕಡಿಮೆ. ಗಾಳಿ ಕಡಿಮೆಯಾದವರು ಸುಮ್ಮನಿರುತ್ತಾರೆಯೆ? ಒಳಗೆ ಗಲಾಟೆ. ಫೋಟೋದಲ್ಲಿ ಗಾಳಿಯ ಬದಲು ಬೆಳಕು. ಹೊರಗೆ ಬಿಸಿಲಿದ್ದರೆ ಹತ್ತೇ ಚೆಂದ, ಎಷ್ಟು ದೊಡ್ಡದಾಗಿ ಎಳೆದರೂ ಚಿತ್ರ ಹರಿಯುವುದಿಲ್ಲ. ಬೆಳಕು ಕಮ್ಮಿಯಿರುವಲ್ಲಿ ಕ್ಯಾಮರಾದ ಶಕ್ತಿ ಏರಿಸಿದಿರೋ, ಮುಖದ ಮೇಲೆಲ್ಲ ಕೆಂಪು ಹಸಿರು ಕಾಳುಗಳು. ಪತ್ರಿಕೆಯವರು ಇದಕ್ಕೆ ನಾಯ್ಸ್ ಎನ್ನುತ್ತಾರೆ. ನಮ್ಮ ಗಿರಾಕಿಗಳು ರವೆ ಎನ್ನುತ್ತಾರೆ.

ಪ್ರಯೋಗಕ್ಕಾಗಿ ಅಡುಗೆಮನೆಯ ಲೈಟ್ ಆರಿಸಿ, ಮಾಮೂಲಿ ಝೂಮ್ ಲೆನ್ಸು ಹಾಕಿ, ವನಮಾಲಾಳನ್ನು ದೇವರ ದೀಪದ ಮುಂದೆ ಕೂರಿಸಿ ತೆಗೆದೆ. ನನ್ನ ಆರರಲ್ಲೂ ಸ್ವಲ್ಪ ರವೆ ಬಂತು. ಅವಳು ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

“ನಿಮ್ಗೆ ಹತ್ತರದ್ದು ಬ್ಯಾಡ. ಇಷ್ಟ್ರಲ್ಲೇ ನಾಲ್ಕು ಜನ್ರಿಗೆ ಉಪ್ಪಿಟ್ಟಾತು.”

ಕಳೆದ ಬುಧವಾರದ ಪುಟದ ಅಂಚಿನಲ್ಲಿ ಅರಿಸಿನ ಬಣ್ಣದ ಒಂದು ಕಲೆ ಕಂಡಿತು. ಕಾಗದ ಹಳೆಯದು, ಹಾಗಾಗುತ್ತದೆ.

೨೧ ಮಾರ್ಚ್, ಬುಧವಾರ

ತದಡಿಯ ದೇವಪ್ಪ ಬಂದಿದ್ದ. ಎರಡು ಬೋಟಿನ ಧಣಿ. ಅವನ ಮದುವೆಯ ಫೋಟೋ ಅಪ್ಪ ತೆಗೆದದ್ದು, ಅವನ ಮಕ್ಕಳ ಕಿವಿ ಚುಚ್ಚಿದ್ದರ ಫೋಟೋ ನಾನು ತೆಗೆದದ್ದು.

“ನಿತ್ಯಣ್ಣ, ಹೊಸ ಮನೆ ಮುಗೀತು. ಬರೂ ತಿಂಗ್ಳು ಇಪ್ಪತ್ತೇಳಕ್ಕೆ ಮನೆ ಒಕ್ಲು. ನಮ್ಮವ್ವ ಮೊದ್ಲ ದೀಪ ಹಚ್ಚೂದು. ಅದ್ರ ಒಂದು ಫೋಟೋ ಬೇಕು, ಚಾವಡಿ ಗೋಡೆಗೆ.”

“ಎಷ್ಟು ದೊಡ್ಡದು?”

ಅವನು ಎದ್ದು ಎರಡೂ ಕೈ ಚಾಚಿದ. ಸಾಲದೆಂದು ಎಡಕ್ಕೆ ಎರಡು ಹೆಜ್ಜೆ ಇಟ್ಟು ಮತ್ತೆ ಚಾಚಿದ. ಅಳೆದರೆ ಅಗಲ ಆರು ಅಡಿ, ಎತ್ತರ ನಾಲ್ಕು.

“ಫ್ಲ್ಯಾಶ್ ಹೊಡೆದರೆ ಆಗುತ್ತದೆ” ಎಂದೆ.

“ಅದೊಂದು ಆಗೂದಿಲ್ಲ. ನಮ್ಮ ಕುಟುಂಬದ ಕಟ್ಟು. ಬೆಳಕು ಹರಿಯೂ ಮೊದ್ಲು ಹಚ್ಚೂದು, ಆ ದೀಪ ನಿಂತು ಉರಿಯೂ ತನಕ ಮನೇಲಿ ಬ್ಯಾರೆ ಬೆಳಕಿಲ್ಲ. ಕರೆಂಟೂ ಇಲ್ಲ, ನಿಮ್ಮ ಮಿಂಚೂ ಇಲ್ಲ. ಮತ್ತೆ ಎರಡ್ನೇ ಸಲ ಹಚ್ಚೂದೂ ಇಲ್ಲ.”

ಗೋಡೆ ತುಂಬುವ ಫೋಟೋಕ್ಕೆ ಹತ್ತು ಬೇಕು. ಒಂದೇ ದೀಪದ ಬೆಳಕಿಗೆ ಆರು ಬೇಕು. ಈ ದೇವಪ್ಪ ನನ್ನ ಪತ್ರಿಕೆಯನ್ನು ಓದಿ ಬಂದವನಂತೆ ಕಂಡ. ಫೋಟೋ ಕೆಟ್ಟರೆ ತದಡಿಯಿಂದ ಹೊನ್ನಾವರದ ಕಾಸರಕೋಡದವರೆಗೆ ಬೋಟಿನವರ ಒಂದು ಮದುವೆಯೂ ಇನ್ನು ನನ್ನ ಬಾಗಿಲಿಗೆ ಬರುವುದಿಲ್ಲ. ಈ ವರ್ಷ ಬಂದ ಮದುವೆಗಳೇ ಮೂರು. “ಆತು” ಎಂದೆ.

೨೩ ಮಾರ್ಚ್, ಶುಕ್ರವಾರ

ವಿಶ್ವಾಸಘಾತ. ಮೀನಿನ ಬುಟ್ಟಿಯ ಎದುರು ವನಮಾಲಾಳಿಗೆ ಎದುರಿನವನ ಹೆಂಡತಿ, ಶ್ರೀಮತಿ ಎಂಬ ಹೆಸರಿನವಳು, ಸಿಕ್ಕಿದ್ದಳು. (ಅವರಿಬ್ಬರ ನಡುವೆ ಮಾತು ನಿಂತೇ ಇಲ್ಲ. ಹೆಂಗಸರಿಗೆ ಶಿಸ್ತಿಲ್ಲ.) ದೇವಪ್ಪ ಅದೇ ದಿನ, ಅದೇ ಕೆಲಸವನ್ನು, ರಸ್ತೆ ದಾಟಿ ಅಲ್ಲಿಯೂ ಹೇಳಿಹೋಗಿದ್ದಾನೆ!

ಫೋನ್ ಮಾಡಿದೆ. “ಹೌದ್ರಾ, ಅಲ್ಲೂ ಹೇಳ್ದೆ. ಎಂತಕ್ಕೆ?”

“ಅದು ಬೇರೆ ಅಂಗಡಿ ಮಾರಾಯ.”

“ಬ್ಯಾರೆಯಾ?” ದೇವಪ್ಪನಿಗೆ ನಿಜಕ್ಕೂ ಆಶ್ಚರ್ಯ. “ನಾ ನಿಮ್ದು ದೊಡ್ಡದಾಯ್ತು, ಎರಡು ಬಾಗ್ಲು ಮಾಡ್ಸಿದ್ರಿ ಅಂದ್ಕಂಡಿದ್ದೆ. ಇರ್ಲಿ, ಇಬ್ರೂ ಬನ್ನಿ. ಒಬ್ರದ್ದು ಕೆಟ್ರೆ ಮತ್ತೊಬ್ರದ್ದು ಇರ್ತದೆ. ಬೋಟಿಗೂ ನಾ ಒಂದೇ ಹಗ್ಗ ನಂಬೂದಿಲ್ಲ.”

ಎರಡು ವರ್ಷದಿಂದ ಇಡೀ ಪೇಟೆಗೆ ಗೊತ್ತಾಗುವಂತೆ ನಡೆಸಿದ ಜಗಳ ತದಡಿಗೆ ತಲುಪಿಯೇ ಇಲ್ಲ. ಮನಸ್ಸಿಗೆ ಬಹಳ ಬೇಸರವಾಯಿತು.

೨೮ ಮಾರ್ಚ್, ಬುಧವಾರ

ಭಟ್ಕಳಕ್ಕೆ ಹೋಗಿಬಂದೆ. ಅಲ್ಲಿ ದುಬೈಯಿಂದ ತರಿಸಿದ ಕ್ಯಾಮರಾಗಳನ್ನಿಟ್ಟ ಅಂಗಡಿಯಿದೆ. ಬಿಳಿಗಡ್ಡದ ಯಜಮಾನರು ಚಹಾ ತರಿಸಿ, ಹತ್ತರದ್ದನ್ನು ಮಗುವಿನಂತೆ ಎತ್ತಿ ನನ್ನ ಕೈಗೆ ಕೊಟ್ಟರು. ಅಂಗಡಿಯ ಮೂಲೆಯ ಕತ್ತಲಲ್ಲಿ ಅವರದ್ದೇ ಒಂದು ಫೋಟೋ ತೆಗೆದೆ. ಗಡ್ಡದ ತುಂಬ ರವೆ.

“ಆರೋ ಹತ್ತೋ ನೀವೇ ಹೇಳಿ” ಎಂದೆ.

“ಬೆಳಕು ಎಲ್ಲುಂಟು, ಗೋಡೆ ಎಷ್ಟುಂಟು, ಅದು ನಿಮಗೆ ಗೊತ್ತು. ನಾನು ಮಾರುವವನು, ನನ್ನನ್ನು ಕೇಳಿದರೆ ಎರಡೂ ತಗೊಳ್ಳಿ ಅಂತೇನೆ” ಎಂದು ನಕ್ಕರು. ನನ್ನ ಹಳೇ ಕ್ಯಾಮರಾವನ್ನೂ ಅಪ್ಪನ ಲೆನ್ಸನ್ನೂ ಬದಲಿಗೆ ಕೊಟ್ಟರೆ ಹತ್ತರದ್ದು ಕೈಗೆಟಕುತ್ತದಂತೆ. ಲೆನ್ಸಿನ ಹೆಸರು ಕೇಳಿ ಅವರ ಕಣ್ಣು ಅರಳಿತು. “ಅಂಥದ್ದು ಈಗ ಸಿಗುವುದಿಲ್ಲ. ಕೊಡ್ತೀರಾ ನಿಜವಾಗಿ?”

ಕೊಡುತ್ತೇನೆ ಎಂದೆ. ಇದರಲ್ಲಿ ಭಾವುಕತೆಗೆ ಜಾಗವಿಲ್ಲ. ನಾಡಿದ್ದು ಶುಕ್ರವಾರ ಒಯ್ದು ಕೊಡುವುದೆಂದು ಇಲ್ಲಿ ಸ್ಪಷ್ಟವಾಗಿ ದಾಖಲಿಸುತ್ತೇನೆ.

೩೦ ಮಾರ್ಚ್, ಶುಕ್ರವಾರ

ಡಬ್ಬಿ ಇಲ್ಲ.

ಹುಣಸೆಹಣ್ಣು ಇದೆ, ಮುರುಗಲ ಸಿಪ್ಪೆ ಇದೆ, ಒಣಮೆಣಸು ಇದೆ. ಹುರಿದ ಅಕ್ಕಿಯ ಡಬ್ಬಿ ಇಲ್ಲ. ವನಮಾಲಾಳನ್ನು ಕೇಳಿದರೆ, “ಅಕ್ಕಿ ಹಳತಾಗಿತ್ತು, ಬದ್ಲಿಸೂಕೆ ತೆಗ್ದಿದ್ದೆ. ಎಲ್ಲಿ ಇಟ್ನೋ. ಸಿಗ್ತದೆ, ಹಾರಿ ಹೋಗೂಕೆ ಅದಕ್ಕೆಂತ ರೆಕ್ಕೆ ಉಂಟಾ?” ಎಂದಳು.

ಬುಧವಾರದ ಪುಟದಲ್ಲಿ ಮತ್ತೆ ಅರಿಸಿನದ ಕಲೆ, ಈ ಸಲ ‘ಲೆನ್ಸನ್ನೂ’ ಎಂಬ ಶಬ್ದದ ಮೇಲೆಯೇ. ಇದು ಕಳಪೆ ಕಾಗದ.

೬ ಏಪ್ರಿಲ್, ಶುಕ್ರವಾರ

ಸಿಕ್ಕಿಲ್ಲ.

೧೫ ಏಪ್ರಿಲ್, ಭಾನುವಾರ

ಇಡೀ ಮನೆ ಹುಡುಕಿಯಾಯಿತು. ಗುಜರಿಯವನ ಚೀಲಕ್ಕೆ ಹೋಗಿರಬೇಕು. ಮಾರುವುದಕ್ಕೆ ನಾನೇ ಹೊರಟವನು, ಕಳೆದುಹೋದದ್ದಕ್ಕೆ ದುಃಖಪಡುವ ಅಧಿಕಾರ ನನಗಿಲ್ಲ. ಆದರೂ ಇವತ್ತು ಮಧ್ಯಾಹ್ನದ ಊಟದಲ್ಲಿ ಬಂಗಡೆ ರುಚಿಸಲಿಲ್ಲ.

ಅಪ್ಪ ಆ ಲೆನ್ಸು ತೆರೆಯುವ ಮೊದಲು ಅಂಗೈಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ರೇಖೆಗಳು ಎಷ್ಟು ಕಾಣುತ್ತವೆ ಎನ್ನುವುದರ ಮೇಲೆ ಎಷ್ಟು ಎಣಿಸುವ ತನಕ ತೆರೆದಿಡಬೇಕೆಂದು ಹೇಳುತ್ತಿದ್ದರು. ನಾನು ಅದನ್ನು ಕಲಿತೆ. ಭಾಸ್ಕರನಿಗೆ ಆ ತಾಳ್ಮೆ ಇರಲಿಲ್ಲ. ಅವನಿಗೆ ಗುಂಡಿ ಒತ್ತುವ ಆಸೆ. ನಾನು ಎಣಿಸುವುದು, ಅವನು ಒತ್ತುವುದು, ಅಪ್ಪ ಹಿಂದೆ ನಿಂತು ಇಬ್ಬರನ್ನೂ ಬೈಯುವುದು. ಇದು ವಿಷಯಕ್ಕೆ ಸಂಬಂಧಿಸಿದ್ದಲ್ಲ.

ಎದುರಿನ ಭಾಸ್ಕರ ಈಗ ಅಂಗಡಿ ಬೇಗ ಮುಚ್ಚುತ್ತಿದ್ದಾನೆ. ಮನೆಯಲ್ಲಿ ದೀಪ ಹಚ್ಚಿ, ಶ್ರೀಮತಿಯನ್ನು ಕೂರಿಸಿ ತೆಗೆದು ನೋಡುತ್ತಿದ್ದಾನಂತೆ. ಅವಳ ಮುಖದ ಮೇಲೆ ಚಿರೋಟಿ ರವೆಯಲ್ಲ, ಬನ್ಸಿ ರವೆಯೇ ಬರುತ್ತಿದೆಯಂತೆ. ಕೇಳಿ ಸಂತೋಷವಾಗಬೇಕಿತ್ತು. ಬೆಳಿಗ್ಗೆಯಿಂದ ಕಾಯುತ್ತಿದ್ದೇನೆ, ಇನ್ನೂ ಆಗಿಲ್ಲ.

೨೬ ಏಪ್ರಿಲ್, ಗುರುವಾರ

ನಾಳೆ ತದಡಿಗೆ ಬೆಳಗಾಗುವ ಮೊದಲೇ ತಲುಪಬೇಕು. ಆ ಹೊತ್ತಿಗೆ ಬಸ್ಸಿಲ್ಲ. ವನಮಾಲಾ ಭಾಸ್ಕರನ ಸ್ಕೂಟರಿನಲ್ಲಿ ನನಗೆ ಜಾಗ ಹೇಳಿಬಂದಿದ್ದಾಳೆ.

“ಮಾತು ಬಿಟ್ಟವನ ಹಿಂದೆ ಕೂತು ಹೋಗೂದಾ?” ಎಂದೆ.

“ಹಿಂದೆ ಕೂರೂಕೆ ಮಾತು ಎಂತಕ್ಕೆ? ಬಸ್ಸಲ್ಲಿ ಹೋಗೂವಾಗ ಡ್ರೈವರ್ ಹತ್ರ ಮಾತಾಡ್ತ್ರಿಯಾ?”

ತರ್ಕದಲ್ಲಿ ದೋಷ ಕಾಣಲಿಲ್ಲ.

೨೭ ಏಪ್ರಿಲ್, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೋಗುವಾಗ ಅಪ್ಪನ ಸ್ಟ್ಯಾಂಡನ್ನು ನಾನು ತೊಡೆಯ ಮೇಲೆ ಅಡ್ಡ ಹಿಡಿದು ಕೂತಿದ್ದೆ. ಮಾತಿಲ್ಲ. ಒಂದು ಕಡೆ ಮಾತ್ರ “ಎಡಕ್ಕೆ ಹೊಂಡ” ಎಂದೆ. ಅದು ರಸ್ತೆಯ ಕುರಿತು ಹೇಳಿದ್ದು, ಅವನಿಗೆ ಹೇಳಿದ್ದಲ್ಲ.

ಹೊಸ ಮನೆಯ ಒಳಗೆ ಸಿಮೆಂಟು, ಬಣ್ಣ, ಕತ್ತಲೆ. ನೆಂಟರೆಲ್ಲ ಗೋಡೆಗೊತ್ತಿ ನಿಂತಿದ್ದರು. ದೇವಪ್ಪನ ತಾಯಿ ಈರಮ್ಮ ನಡುವೆ ಮಣೆಯ ಮೇಲೆ ಕೂತಿದ್ದಳು. ಎಂಬತ್ತು ದಾಟಿದ ಜೀವ, ಐವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಕುತ್ತಿಗೆ, ಈಗಲೂ ನೆಟ್ಟಗೆ. ನಾನು ಒಂದು ಪಕ್ಕದಲ್ಲಿ, ಭಾಸ್ಕರ ಇನ್ನೊಂದು ಪಕ್ಕದಲ್ಲಿ ನಿಂತೆವು.

ಅವಳು ಕಡ್ಡಿ ಗೀರಿದಳು. ದೀಪ ಹತ್ತಿತು. ಇಬ್ಬರೂ ತೆಗೆದೆವು. ಪರದೆ ನೋಡಿದೆ. ಮುಖ ಪರವಾಗಿಲ್ಲ, ರವೆ ಕಡಿಮೆ. ಆದರೆ ಚಿತ್ರವನ್ನು ಸ್ವಲ್ಪ ಎಳೆದು ನೋಡಿದರೆ ಮೂಗುತಿ ಎಲ್ಲಿ, ಮೂಗು ಎಲ್ಲಿ ತಿಳಿಯುವುದಿಲ್ಲ. ಆರು ಅಡಿಗೆ ಎಳೆದರೆ ಮುಖವೇ ನೀರಾದ ಸಾರು. ಆಚೆ ಭಾಸ್ಕರನೂ ತನ್ನ ಪರದೆ ನೋಡುತ್ತಿದ್ದ. ದೀಪದ ಬೆಳಕಿನಲ್ಲಿ ಅವನ ಹಣೆಯ ಬೆವರು ಕಾಣುತ್ತಿತ್ತು. ಅವನದರಲ್ಲಿ ಮೂಗುತಿಯ ಹರಳೂ ಕಾಣುತ್ತಿದ್ದಿರಬೇಕು, ಬನ್ಸಿ ರವೆಯೊಳಗೆ ಹೂತುಕೊಂಡು. ಅವನು ತಲೆ ಎತ್ತಿದ. ನಾನೂ ಎತ್ತಿದ್ದೆ.

ಅವನು ಚೀಲದಿಂದ ಡಬ್ಬಿ ತೆಗೆದ.

ಅದೇ ಡಬ್ಬಿ. ಮುಚ್ಚಳದ ಮೇಲೆ ಅಪ್ಪ ಆಣಿಯಲ್ಲಿ ಗೀಚಿದ ‘ಲೆ’ ಸಹಿತ. ಎರಡು ಹೆಜ್ಜೆಯಲ್ಲಿ ನನ್ನ ಹತ್ತಿರ ಬಂದು ಪಿಸುಮಾತಿನಲ್ಲಿ ಹೇಳಿದ: “ಅತ್ತಿಗೆ ಒಂದ್ ತಿಂಗ್ಳ ಹಿಂದೆ ಕೊಟ್ಟು, ಜೋಪಾನ ಅಂದಿದ್ರು. ಎಂತದು ಅಂತ ಹೇಳ್ಲಿಲ್ಲ. ನಾ ಮುಚ್ಳ ತೆಗೀಲಿಲ್ಲ, ಅಣ್ಣಾ. ಅಲ್ಲಾಡ್ಸಿ ನೋಡ್ದೆ, ಅಷ್ಟೇ.”

ಒಂದು ತಿಂಗಳು. ಮನೆಯಲ್ಲಿ ದಿನಾ ದೀಪ ಹಚ್ಚಿ ರವೆ ಎಣಿಸುತ್ತ ಕೂತವನ ಪಕ್ಕದಲ್ಲೇ ಈ ಡಬ್ಬಿ ಇತ್ತು.

“ನಿನ್ನ ಕ್ಯಾಮರಾಕ್ಕೆ ಹಾಕು” ಎಂದೆ. “ಸ್ಟ್ಯಾಂಡ್ ಬಿಡಿಸು. ಶಕ್ತಿ ಪೂರ್ತಿ ಇಳ್ಸು, ತಳಕ್ಕೆ.”

“ತಳಕ್ಕೆ ಇಳ್ಸಿದ್ರೆ ಎಷ್ಟು ಹೊತ್ತು ತೆರ್ದಿಡೂದು? ಈ ಲೆನ್ಸಿಗೆ ಮೀಟರ್ ಓದೂದಿಲ್ಲ.”

ಅಂಗೈಯನ್ನು ದೀಪದ ಬೆಳಕಿಗೆ ಹಿಡಿದೆ. ಆಯುಷ್ಯರೇಖೆ ಕಂಡಿತು, ಉಳಿದವು ಇಲ್ಲ. “ಮೂರು.”

ಅಷ್ಟರಲ್ಲಿ ಈರಮ್ಮ ಕಣ್ಣು ಮಾತ್ರ ನಮ್ಮ ಕಡೆ ತಿರುಗಿಸಿದಳು. “ಎಂತದ್ರಾ ತಮ್ಮಾ, ಇಬ್ರೂ ಗುಸುಗುಸು? ಎಣ್ಣೆ ಮುಗಿಯೂ ತನಕ ಕೂರೂದಾ ನಾನು?”

“ಅಮ್ಮಾ, ಮೂರು ಎಣಿಸುವ ತನಕ ಅಲ್ಲಾಡಬಾರದು” ಎಂದೆ.

“ಅಲ್ಲಾಡ್ದೆ ಕೂರೂದು ನಂಗೆ ಕಲ್ಸೂಕೆ ಬರ್ಬ್ಯಾಡ. ಬುಟ್ಟಿ ಮುಂದೆ ಐವತ್ತು ವರ್ಷ ಕೂತವ್ಳು. ಅಲ್ಲಾಡಿದ್ರೆ ಕಾಗೆ ಮೀನು ಒಯ್ತದೆ.”

ಆಮೇಲೆ ದೀಪವನ್ನೇ ನೋಡುತ್ತ, ನೆಂಟರಿಗೋ ನಮಗೋ ಎನ್ನದೆ ಹೇಳಿದಳು: “ಬೋಟಿನವ್ರಿಗೆ ಹೊಳೆ ಬಾಯಲ್ಲಿ ದಡದ ದೀಪ ಒಂದೇ ಕಾಣ್ಬೇಕು. ಎರಡು ಕಂಡ್ರೆ ಯಾವ್ದು ನಮ್ಮ ಮನೆ ಅಂತ ತಿಳೀದೆ ಬೋಟು ಮರಳಿಗೆ ಹತ್ತಿಸ್ತ್ರು. ಅದಕ್ಕೇ ಈ ಕಟ್ಟು. ಹೂಂ, ಎಣ್ಸು.”

ಫೋಕಸ್ ನಾನು ತಿರುಗಿಸಿದೆ. ಭಾಸ್ಕರನ ಬೆರಳು ಗುಂಡಿಯ ಮೇಲೆ. ನಾನು ಅವನ ಹೆಗಲ ಮೇಲೆ ಬೆರಳು ತಟ್ಟಿ ಎಣಿಸಿದೆ: ಒಂದು, ಎರಡು, ಮೂರು. ಹಿಂದಿನಿಂದ ಯಾರಾದರೂ ಬೈಯುತ್ತಾರೇನೋ ಎಂದು ಒಂದು ಕ್ಷಣ ಇಬ್ಬರೂ ಕಾದೆವು. ಯಾರೂ ಬೈಯಲಿಲ್ಲ.

ಪರದೆಯಲ್ಲಿ ಈರಮ್ಮನ ಮುಖದ ಒಂದೊಂದು ಗೆರೆಯೂ ಇತ್ತು. ಮೂಗುತಿಯ ಹರಳೊಳಗೆ ದೀಪವೂ ಇತ್ತು. ರವೆ ಒಂದು ಕಾಳೂ ಇರಲಿಲ್ಲ.

ಅಷ್ಟರಲ್ಲಿ ಹೊರಗೆ ಬೆಳಗಾಗಿತ್ತು, ದೇವಪ್ಪ ಕಿಟಕಿಗಳನ್ನು ತೆರೆದ. ಕಣ್ಣಿಗೆ ಬೆಳಕು ಹೊಡೆದು ನನಗೂ ಭಾಸ್ಕರನಿಗೂ ನೀರು ಬಂತು. ಒಮ್ಮೆಗೇ ತೆರೆದರೆ ಹಾಗಾಗುತ್ತದೆ.

ಬರುವಾಗಲೂ ಮಾತಿಲ್ಲ. ಮಿರ್ಜಾನದ ಹತ್ತಿರ ಚಹಾ ಕುಡಿದೆವು. ಎರಡು ಗಂಟೆ ಹಿಡಿಯಿತು. ಚಹಾ ಬಹಳ ಬಿಸಿಯಿತ್ತು.

೩ ಮೇ, ಗುರುವಾರ

ದೊಡ್ಡ ಪ್ರಿಂಟು ಹುಬ್ಬಳ್ಳಿಯಿಂದ ಬಂತು. ದೇವಪ್ಪ ಟೆಂಪೋದಲ್ಲಿ ನಿಲ್ಲಿಸಿಕೊಂಡು ಒಯ್ದ. ಈರಮ್ಮ ನೋಡಿ, “ನಂಗೆ ಇಷ್ಟು ವಯಸ್ಸಾಯ್ತಾ?” ಎಂದು ಕೇಳಿ, ಆಮೇಲೆ ಅರ್ಧ ಗಂಟೆ ಅದರ ಎದುರೇ ಕೂತಳಂತೆ.

ಕೆಳಗೆ ಮೂಲೆಯಲ್ಲಿ ಸ್ಟುಡಿಯೋದ ಹೆಸರು ಹಾಕಿಸುವ ಕೆಲಸ ಭಾಸ್ಕರನದಾಗಿತ್ತು. ‘ಛಾಯಾದೀಪ, ಕುಮಟಾ’ ಎಂದಷ್ಟೇ ಇದೆ. ‘ನ್ಯೂ’ ಇಲ್ಲ, ‘ಡಿಜಿಟಲ್’ ಇಲ್ಲ. ಆರು ಅಡಿಯಲ್ಲಿ ಅಕ್ಷರಕ್ಕೆ ಜಾಗ ಸಾಲದೆ ಹೋಗಿರಬೇಕು.

೫ ಮೇ, ಶನಿವಾರ

ಕ್ಯಾಮರಾ ಕೊಳ್ಳುವ ಕುರಿತು ಎರಡು ತಿಂಗಳ ವಿಚಾರದ ಫಲಿತಾಂಶ: ವಿಚಾರ ಮುಂದುವರಿದಿದೆ. ಆರೋ ಹತ್ತೋ ಎಂಬುದು ಗಹನವಾದ ಪ್ರಶ್ನೆ, ಅವಸರ ಸಲ್ಲದು. ಸದ್ಯಕ್ಕೆ ಕತ್ತಲಿಗೆ ನನ್ನದು, ಗೋಡೆಗೆ ಭಾಸ್ಕರನದು ಎಂಬ ತಾತ್ಕಾಲಿಕ ಏರ್ಪಾಡಾಗಿದೆ. ಇದು ಶುದ್ಧ ವ್ಯವಹಾರ. ಮಾತು ಬಿಟ್ಟದ್ದು ಬಿಟ್ಟ ಹಾಗೆಯೇ ಇದೆ. ಸ್ಟ್ಯಾಂಡು ಮರೆತು ನನ್ನ ಅಂಗಡಿಯಲ್ಲಿ ಉಳಿದಿದೆ, ಲೆನ್ಸು ಮರೆತು ಅವನ ಕ್ಯಾಮರಾದಲ್ಲಿ ಉಳಿದಿದೆ. ವನಮಾಲಾ ಇವತ್ತು ಹುರಿದ ಅಕ್ಕಿಯನ್ನು ಎರಡು ಡಬ್ಬಿಗೆ ತುಂಬುತ್ತಿದ್ದಳು. ಯಾಕೆಂದು ಕೇಳಲಿಲ್ಲ.

ಒಂದೇ ತೊಂದರೆ. ಲೆನ್ಸಿನ ಮುಂದಿನ ಮುಚ್ಚಳ ತದಡಿಯಿಂದ ಬಂದಂದಿನಿಂದ ನನ್ನ ಅಂಗಿಯ ಕಿಸೆಯಲ್ಲೇ ಇದೆ. ಹೋದಾಗಲೆಲ್ಲ ಕೊಡಲು ಮರೆಯುತ್ತದೆ. ಮಳೆಗಾಲ ಬರುತ್ತಿದೆ, ತೆರೆದ ಗಾಜಿಗೆ ಉಪ್ಪುಗಾಳಿ ಒಳ್ಳೆಯದಲ್ಲ.

ಈ ಪುಸ್ತಕವನ್ನು ಯಾರೂ ಓದಕೂಡದೆಂದು ಮೊದಲ ದಿನವೇ ಬರೆದಿದ್ದೇನೆ. ಆದರೂ ಓದುತ್ತಿರುವವರು ಯಾರೇ ಇರಲಿ, ಕೈಯಲ್ಲಿ ಅರಿಸಿನ ಇದ್ದರೆ ಮೊದಲು ತೊಳೆದುಕೊಂಡು, ಬಾಗಿಲ ಹಿಂದೆ ತೂಗುಹಾಕಿದ ನೀಲಿ ಅಂಗಿಯ ಎಡಕಿಸೆಯಿಂದ ಆ ಮುಚ್ಚಳ ತೆಗೆದು, ರಸ್ತೆ ದಾಟಿ ಭಾಸ್ಕರನಿಗೆ ಕೊಟ್ಟುಬಿಡಿ. ನಾನೇ ಹೋಗುತ್ತಿದ್ದೆ. ಆದರೆ ಬೆಳಿಗ್ಗೆಯಿಂದ ಆಗಲೇ ನಾಲ್ಕು ಸಲ ಹೋಗಿ ಬಂದಿದ್ದೇನೆ. ಐದನೇ ಸಲ ಹೋದರೆ ಪೇಟೆಯವರು ನಾವು ಮಾತಾಡುತ್ತಿದ್ದೇವೆ ಅಂದುಕೊಂಡಾರು.